ಗಾಜಿನ ಮೇಲಿನ ಜಿಡ್ಡು: ಸ್ಪರ್ಶಪರದೆಯ ಬೆರಳಚ್ಚು ನಿರೋಧಕ ಲೇಪನದ ಇತಿಹಾಸ

ಸ್ಪರ್ಶಪರದೆಯ ಮೇಲೆ ಉಳಿಯುವ ಬೆರಳಚ್ಚು ಬೆವರು ಮತ್ತು ಜಿಡ್ಡಿನ ಮಿಶ್ರಣ. ಅಂಗೈಯಲ್ಲೂ ಬೆರಳ ತುದಿಯಲ್ಲೂ ಬೆವರಿನ ಗ್ರಂಥಿಗಳು ದಟ್ಟವಾಗಿವೆ, ತೈಲ ಸ್ರವಿಸುವ ಗ್ರಂಥಿಗಳು ಮಾತ್ರ ಇಲ್ಲ. ಆದರೂ ಅಚ್ಚಿನಲ್ಲಿ ಎಣ್ಣೆಯಂಶ ಇದ್ದೇ ಇರುತ್ತದೆ. ಹಣೆ, ಮೂಗು, ಕೂದಲನ್ನು ಸವರಿದ ಬೆರಳು ಅಲ್ಲಿನ ಸ್ಕ್ವಾಲೀನ್, ಮೇಣದಂಥ ಎಸ್ಟರ್ ಮತ್ತು ಕೊಬ್ಬಿನ ಆಮ್ಲಗಳನ್ನು ಹೊತ್ತು ತರುತ್ತದೆ. ಮಾತನಾಡುವಾಗ ಕೆನ್ನೆಗೆ ಒತ್ತಿಕೊಂಡ ಫೋನ್‌ಗೆ ಇವು ನೇರವಾಗಿಯೇ ಅಂಟುತ್ತವೆ. ಬೆವರಿನ ನೀರು ಕೂಡಲೇ ಆರಿ ಒಂದಿಷ್ಟು ಉಪ್ಪನ್ನು ಬಿಡುತ್ತದೆ. ಜಿಡ್ಡು ಆರುವುದಿಲ್ಲ. ಬೆರಳಿನ ಗೆರೆಗಳ ಜಾಡಿನಲ್ಲೇ ಸಣ್ಣ ಸಣ್ಣ ಹನಿಗಳಾಗಿ ನಿಂತು ಬೆಳಕನ್ನು ಚದುರಿಸುತ್ತದೆ. ಪರದೆ ಬೆಳಗುತ್ತಿರುವಾಗ ಕಾಣದ ಕಲೆ, ಪರದೆ ಆರಿದೊಡನೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಎದ್ದು ಕಾಣುವುದು ಈ ಕಾರಣಕ್ಕೆ.

ಸ್ಪರ್ಶಪರದೆಯ ಮೊದಲ ನಾಲ್ಕು ದಶಕಗಳಲ್ಲಿ ಈ ಕಲೆ ದೊಡ್ಡ ಸಮಸ್ಯೆಯಾಗಿರಲಿಲ್ಲ. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರೇಡಾರ್ ಎಸ್ಟಾಬ್ಲಿಷ್‌ಮೆಂಟ್‌ನ ಇ. ಎ. ಜಾನ್ಸನ್ 1965ರಲ್ಲಿ ಬೆರಳ ಸ್ಪರ್ಶವನ್ನು ಗುರುತಿಸುವ ಪರದೆಯನ್ನು ವಿವರಿಸಿದಾಗ ಅವರ ಗಮನವಿದ್ದದ್ದು ವಿಮಾನ ಸಂಚಾರ ನಿಯಂತ್ರಣದ ಕಡೆಗೆ. ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ-4 ಬೋಧನಾ ವ್ಯವಸ್ಥೆ 1972ರ ವೇಳೆಗೆ ಪರದೆಯ ಮುಂದೆ ಅತಿಗೆಂಪು ಕಿರಣಗಳ ಬಲೆ ಹೆಣೆದಿತ್ತು. ಬೆರಳು ಕಿರಣಕ್ಕೆ ಅಡ್ಡ ಬಂದರೆ ಸಾಕು, ಗಾಜಿನ ಸ್ಥಿತಿ ಹೇಗಿದೆ ಎಂಬುದು ಅಲ್ಲಿ ಮುಖ್ಯವಾಗುತ್ತಿರಲಿಲ್ಲ. ಜಿನೀವಾ ಸಮೀಪದ ಸರ್ನ್ ಪ್ರಯೋಗಾಲಯದಲ್ಲಿ ಫ್ರಾಂಕ್ ಬೆಕ್ ಮತ್ತು ಬೆಂಟ್ ಸ್ಟಂಪೆ ರೂಪಿಸಿದ ಪಾರದರ್ಶಕ ಕೆಪಾಸಿಟಿವ್ ಪರದೆ 1976ರಲ್ಲಿ ಅಲ್ಲಿನ ಕಣವೇಗೋತ್ಕರ್ಷಕದ ನಿಯಂತ್ರಣ ಕೊಠಡಿ ಸೇರಿತು. ಇವೆಲ್ಲ ತರಬೇತಾದ ಕೆಲವೇ ಜನರು ಮೇಜಿನ ಮುಂದೆ ಕೂತು ಬಳಸಿದ ಯಂತ್ರಗಳು.

ಮುಂದೆ ಜೇಬಿಗೆ ಬಂದ ಉಪಕರಣಗಳು ಬೇರೆ ದಾರಿ ಹಿಡಿದವು. 1996ರ ಪಾಮ್ ಪೈಲಟ್‌ನಂಥವುಗಳಲ್ಲಿ ಇದ್ದದ್ದು ಒತ್ತಿದರೆ ಬಾಗುವ ಪ್ಲಾಸ್ಟಿಕ್ ಪದರದ ರೆಸಿಸ್ಟಿವ್ ಪರದೆ ಮತ್ತು ಒಂದು ಕಡ್ಡಿ, ಅಂದರೆ ಸ್ಟೈಲಸ್. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎಂಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ಸಿಂಪ್ಯೂಟರ್ ಕೂಡ ಈ ಕಡ್ಡಿಯ ಕಾಲದ ಸಾಧನವೇ. ಬೆರಳು ಪರದೆಯಿಂದ ದೂರವಿದ್ದಷ್ಟು ಕಾಲ ಜಿಡ್ಡೂ ದೂರವಿತ್ತು. ಪ್ಲಾಸ್ಟಿಕ್ ಪರದೆಯ ನಿಜವಾದ ಶತ್ರು ಗೀರು.

2007ರಲ್ಲಿ ಬಂದ ಆ್ಯಪಲ್ ಕಂಪನಿಯ ಐಫೋನ್ ಕಡ್ಡಿಯನ್ನು ಕೈಬಿಟ್ಟು ಬೆರಳನ್ನೇ ಮುಂದೆ ಮಾಡಿತು, ಪ್ಲಾಸ್ಟಿಕ್ ಬದಲು ಗಾಜನ್ನು ಆರಿಸಿಕೊಂಡಿತು. ಗೀರಿನ ಸಮಸ್ಯೆ ಬಹುಪಾಲು ನೀಗಿತು, ಜಿಡ್ಡಿನ ಸಮಸ್ಯೆ ಹುಟ್ಟಿತು. ಶುದ್ಧ ಗಾಜಿನ ಮೇಲ್ಮೈಯಲ್ಲಿ ಸಿಲಿಕಾನ್‌ಗೆ ಅಂಟಿದ ಹೈಡ್ರಾಕ್ಸಿಲ್ ಗುಂಪುಗಳಿದ್ದು ಅದರ ಮೇಲ್ಮೈ ಶಕ್ತಿ ಹೆಚ್ಚು. ನೀರಿರಲಿ ಎಣ್ಣೆಯಿರಲಿ, ಅಂಥ ಮೇಲ್ಮೈ ತನ್ನತ್ತ ಸೆಳೆದುಕೊಂಡು ಹರಡಿಸುತ್ತದೆ. ಎರಡು ವರ್ಷಗಳ ನಂತರ, 2009ರ ಐಫೋನ್ 3ಜಿಎಸ್ ಎಣ್ಣೆ ನಿರೋಧಕ ಲೇಪನದೊಂದಿಗೆ ಬಂತು. ಅಲ್ಲಿಂದಾಚೆಗೆ ಅದು ದುಬಾರಿ ಫೋನ್‌ಗಳಿಗೆ ವಾಡಿಕೆಯಾಗಿ, ನಂತರ ಸ್ಕ್ರೀನ್ ಗಾರ್ಡ್‌ಗಳಿಗೂ ಇಳಿಯಿತು.

ಆ ಲೇಪನದ ವಿದ್ಯೆ ಮಾತ್ರ ಫೋನ್‌ಗಿಂತ ಬಹಳ ಹಳೆಯದು. ದ್ರವದ ಹನಿಯೊಂದು ಘನವಸ್ತುವಿನ ಮೇಲೆ ಯಾವ ಕೋನದಲ್ಲಿ (ಸ್ಪರ್ಶಕೋನ) ಕೂರುತ್ತದೆ ಎಂಬುದನ್ನು ಮೂರು ಎಳೆತಗಳ ಸಮತೋಲನವಾಗಿ ಥಾಮಸ್ ಯಂಗ್ 1805ರಲ್ಲೇ ವಿವರಿಸಿದ್ದರು. 1938ರಲ್ಲಿ ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡ ಟೆಫ್ಲಾನ್, ಫ್ಲೋರಿನ್ ಮತ್ತು ಇಂಗಾಲದ ಬಂಧಕ್ಕೆ ಯಾವುದೂ ಸುಲಭವಾಗಿ ಅಂಟದು ಎಂಬುದನ್ನು ತೋರಿಸಿತು. ಇದನ್ನು ಅಳತೆಗೆ ಒಗ್ಗಿಸಿದ ಕೀರ್ತಿ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ವಿಲಿಯಂ ಜಿಸ್ಮನ್ ಮತ್ತು ಅವರ ಸಹೋದ್ಯೋಗಿಗಳದು. ಒಂದೇ ಅಣುವಿನಷ್ಟು ದಪ್ಪದ ಪದರ ತಾನೇ ತಾನಾಗಿ ಮೇಲ್ಮೈಗೆ ಜೋಡಣೆಗೊಳ್ಳುತ್ತದೆ ಎಂದು ಅವರು 1946ರಲ್ಲಿ ವರದಿ ಮಾಡಿದರು. ಮುಂದಿನ ದಶಕದಲ್ಲಿ, ಆ ಪದರದ ಹೊರತುದಿಯಲ್ಲಿ ಒಂದು ಇಂಗಾಲಕ್ಕೆ ಮೂರು ಫ್ಲೋರಿನ್ ಇರುವ ಗುಂಪು ಒತ್ತೊತ್ತಾಗಿ ನಿಂತರೆ ಮೇಲ್ಮೈಯ ನಿರ್ಣಾಯಕ ಎಳೆತ ಮೀಟರಿಗೆ ಸುಮಾರು 6 ಮಿಲಿನ್ಯೂಟನ್‌ಗೆ ಇಳಿಯುತ್ತದೆ ಎಂದು ಕಂಡುಕೊಂಡರು. ಟೆಫ್ಲಾನ್‌ನಲ್ಲಿ ಇದು ಸುಮಾರು 18. ನೀರಿನ ಮೇಲ್ಮೈ ಎಳೆತ 72ರ ಆಸುಪಾಸಿನದು, ಎಣ್ಣೆಗಳದು ಬಹುಮಟ್ಟಿಗೆ 20ರಿಂದ 35. ಚರ್ಮದ ಜಿಡ್ಡನ್ನು ಹರಡಗೊಡದ ಮೇಲ್ಮೈಯ ಎಳೆತ ಎಣ್ಣೆಯದಕ್ಕಿಂತಲೂ ಕಡಿಮೆ ಇರಬೇಕು. ಫ್ಲೋರಿನ್ ಬಿಟ್ಟರೆ ಬೇರೆ ದಾರಿಯಿಲ್ಲವೆಂದು ರಸಾಯನಶಾಸ್ತ್ರಜ್ಞರು ದೀರ್ಘಕಾಲ ನಂಬಲು ಈ ಲೆಕ್ಕವೇ ಆಧಾರ.

ಯಾವುದಕ್ಕೂ ಅಂಟದ ಈ ವಸ್ತುವನ್ನು ಗಾಜಿಗೆ ಅಂಟಿಸುವುದೇ ಉಳಿದ ಕಗ್ಗಂಟು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೇಕಬ್ ಸಾಗೀವ್ 1980ರಲ್ಲಿ ಸಿಲೇನ್ ಅಣುಗಳ ಏಕಪದರವನ್ನು ಗಾಜಿನ ಮೇಲೆ ಕಟ್ಟಿ ತೋರಿಸಿದ ಕೆಲಸ ಇಲ್ಲಿ ಮಹತ್ವದ್ದು. ಇಂದಿನ ಲೇಪನದ ಅಣುವಿಗೆ ಎರಡು ತುದಿ. ಸಿಲೇನ್ ತುದಿ ಗಾಜಿನ ಹೈಡ್ರಾಕ್ಸಿಲ್ ಗುಂಪಿನೊಂದಿಗೆ ಸಿಲಿಕಾನ್-ಆಮ್ಲಜನಕ ಬಂಧ ಬೆಸೆಯುತ್ತದೆ, ಪರ್‌ಫ್ಲೋರೋಪಾಲಿಈಥರ್ ಎಂಬ ಉದ್ದನೆಯ ಸರಪಳಿ ಹೊರಗೆ ಚಾಚಿಕೊಂಡಿರುತ್ತದೆ. ಜಪಾನಿನ ಡೈಕಿನ್ ಸಂಸ್ಥೆಯ ಆಪ್ಟೂಲ್ ಈ ಬಗೆಯದು. ಕನ್ನಡಕದ ಮಸೂರಗಳಿಗೆ ಫೋನ್‌ಗಿಂತ ಮೊದಲೇ ಇಂಥ ಲೇಪನ ಬಂದಿತ್ತು. ಕಾರ್ಖಾನೆಯಲ್ಲಿ ಗಾಜಿನ ಮೇಲೆ ಮೊದಲು ಸಿಲಿಕಾದ ತೆಳು ಪದರ, ಅದರ ಮೇಲೆ ನಿರ್ವಾತದಲ್ಲಿ ಆವಿಯಾಗಿಸಿದ ಲೇಪನ ಕೂರಿಸುವುದು ರೂಢಿ. ದಪ್ಪ ಹತ್ತಾರು ನ್ಯಾನೋಮೀಟರ್‌ಗಳನ್ನು ಮೀರದ ಕಾರಣ ಅದು ಕಣ್ಣಿಗೂ ಕಾಣದು, ಸ್ಪರ್ಶಸಂವೇದನೆಗೂ ಅಡ್ಡಿಯಾಗದು.

ಈ ಲೇಪನದ ಸಾಮರ್ಥ್ಯವನ್ನು ಜಾಹೀರಾತುಗಳು ಹಿಗ್ಗಿಸಿಯೇ ಹೇಳುತ್ತ ಬಂದಿವೆ. ಸಪಾಟಾದ ಮೇಲ್ಮೈಯಲ್ಲಿ ಎಷ್ಟೇ ಫ್ಲೋರಿನ್ ತುಂಬಿದರೂ ನೀರಿನ ಹನಿಯ ಸ್ಪರ್ಶಕೋನ 120 ಡಿಗ್ರಿಯ ಗಡಿ ದಾಟುವುದಿಲ್ಲ, ಎಣ್ಣೆಯದು 90ರೊಳಗೇ ಉಳಿಯುತ್ತದೆ. ಅಚ್ಚು ಮೂಡದಂತೆ ಅದು ತಡೆಯಲಾರದು. ಮೂಡಿದ ಅಚ್ಚು ಹರಡದೆ ಸಡಿಲವಾಗಿ ಕೂತು, ಒಂದು ಸಲ ಒರೆಸಿದರೆ ಹೋಗುವಂತೆ ಮಾಡುತ್ತದೆ. ತಾವರೆ ಎಲೆಯಂತೆ ಮೇಲ್ಮೈಯನ್ನೇ ಒರಟಾಗಿಸಿ ಎಣ್ಣೆಯನ್ನೂ ಉರುಳಿಸುವ ಪ್ರಯತ್ನಗಳು ನಡೆದಿವೆ. 2007ರಲ್ಲಿ ಎಂಐಟಿಯ ತಂಡ ಅದಕ್ಕೆ ಬೇಕಾದ ಒಳಬಾಗಿದ ರಚನೆಗಳ ತತ್ವವನ್ನು ಮಂಡಿಸಿತು, 2012ರಲ್ಲಿ ಜರ್ಮನಿಯ ಮೈನ್ಸ್‌ನ ಸಂಶೋಧಕರು ಮೇಣದಬತ್ತಿಯ ಮಸಿಯನ್ನೇ ಅಚ್ಚಾಗಿ ಬಳಸಿ ಪಾರದರ್ಶಕ ಲೇಪನ ತಯಾರಿಸಿದರು. ದಿನವಿಡೀ ಬೆರಳು ಉಜ್ಜುವ ಪರದೆಯ ಮೇಲೆ ಇಂಥ ಸೂಕ್ಷ್ಮ ರಚನೆ ಬಾಳುವುದು ಕಷ್ಟ.

ಕಲೆಯ ಪ್ರಶ್ನೆ ಅಂದಚೆಂದಕ್ಕೆ ಸೀಮಿತವಲ್ಲವೆಂದು 2010ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಡಂ ಅವಿವ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಪರದೆಯ ಮೇಲಿನ ಜಿಡ್ಡಿನ ಜಾಡನ್ನು ಸರಿಯಾದ ಬೆಳಕಿನಲ್ಲಿ ಛಾಯಾಚಿತ್ರ ತೆಗೆದು ಆಂಡ್ರಾಯ್ಡ್ ಫೋನ್‌ನ ಬೀಗದ ವಿನ್ಯಾಸವನ್ನು ಓದಲು ಅವರು ಯತ್ನಿಸಿದರು. ಒಂದು ಪ್ರಯೋಗದಲ್ಲಿ ಶೇ. 92 ಸಂದರ್ಭಗಳಲ್ಲಿ ವಿನ್ಯಾಸ ಭಾಗಶಃ, ಶೇ. 68ರಲ್ಲಿ ಪೂರ್ಣವಾಗಿ ಸಿಕ್ಕಿತು. ಜಿಡ್ಡು ಉಳಿದ ಪರದೆ ಗುಟ್ಟನ್ನೂ ಬಿಟ್ಟುಕೊಡಬಹುದು ಎನ್ನಲು ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಒರೆಸುವ ಬಟ್ಟೆಗೂ ತನ್ನದೇ ಚರಿತ್ರೆಯಿದೆ. ಜಪಾನಿನ ಟೋರೆ ಸಂಸ್ಥೆಯಲ್ಲಿ ಮಿಯೋಶಿ ಒಕಾಮೊಟೊ 1970ರ ಹೊತ್ತಿಗೆ ಅತಿ ಸಣ್ಣ ನೂಲೆಳೆಗಳನ್ನು ತಯಾರಿಸುವ ವಿಧಾನ ಕಂಡುಹಿಡಿದದ್ದು ಕೃತಕ ಚರ್ಮಕ್ಕಾಗಿ. 1980ರ ದಶಕದಲ್ಲಿ ಅದೇ ನೂಲು ಮಸೂರ ಒರೆಸುವ ಬಟ್ಟೆಯಾಯಿತು. ಸಾದಾ ಬಟ್ಟೆ ಜಿಡ್ಡನ್ನು ಆಚೀಚೆ ಸವರುತ್ತದೆ. ಮೈಕ್ರೋಫೈಬರ್‌ನಲ್ಲಿ ಎಳೆಗಳ ನಡುವಿನ ಸಂದುಗಳು ಅದನ್ನು ಹೀರಿ ಹಿಡಿದಿಡುತ್ತವೆ.

ಲೇಪನ ಶಾಶ್ವತವಲ್ಲ. ಒಂದೆರಡು ವರ್ಷ ಬಳಸಿದ ಫೋನ್‌ನ ಅಂಚಿನಲ್ಲಿ ನೀರಿನ ಹನಿ ಇಟ್ಟರೆ ಅದು ಗುಂಡಗೆ ನಿಂತು ಜಾರುತ್ತದೆ. ಹೆಬ್ಬೆರಳು ಸದಾ ಓಡಾಡುವ ಕೆಳಭಾಗದಲ್ಲಿ ಇಟ್ಟರೆ ಚಪ್ಪಟೆಯಾಗಿ ಹರಡುತ್ತದೆ. ಉಜ್ಜುವಿಕೆ ಮತ್ತು ಕ್ಷಾರ ಗಾಜಿನೊಂದಿಗಿನ ಬಂಧವನ್ನು ಕ್ರಮೇಣ ಕಡಿಯುತ್ತವೆ. ಅಮೋನಿಯ ಬೆರೆತ ಗಾಜಿನ ಕ್ಲೀನರ್, ಬ್ಲೀಚ್, ಉಜ್ಜುವ ಪುಡಿ ಬೇಡವೆಂದು ತಯಾರಕರು ಹೇಳುವುದು ಆದ್ದರಿಂದ. ಕೊರೋನಾ ಹರಡಿದ 2020ರ ಮಾರ್ಚ್‌ನಲ್ಲಿ ಆ್ಯಪಲ್ ತನ್ನ ಸೂಚನೆ ಸಡಿಲಿಸಿ ಶೇ. 70 ಐಸೋಪ್ರೊಪೈಲ್ ಆಲ್ಕೋಹಾಲ್‌ನ ಒರೆಸುಹಾಳೆಗೆ ಒಪ್ಪಿತು, ಬ್ಲೀಚ್‌ಗೆ ಒಪ್ಪಲಿಲ್ಲ.

ಈ ಚರಿತ್ರೆಯ ಕಹಿ ಭಾಗ ಈಗ ನಡೆಯುತ್ತಿದೆ. ಲೇಪನಕ್ಕೆ ಗುಣ ಕೊಡುವ ಇಂಗಾಲ-ಫ್ಲೋರಿನ್ ಬಂಧ ಪ್ರಕೃತಿಯಲ್ಲಿ ಸುಲಭವಾಗಿ ಒಡೆಯುವುದಿಲ್ಲ. ಈ ಬಂಧವುಳ್ಳ ಪಿಎಫ್‌ಎಎಸ್ ಎಂಬ ದೊಡ್ಡ ಕುಟುಂಬದ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿ ಸೇರಿದವು. ಪರದೆಯ ಲೇಪನ ಈ ಎರಡರಲ್ಲಿ ಯಾವುದೂ ಅಲ್ಲ, ಆದರೆ ಅದೇ ಕುಟುಂಬದ್ದು. ಇಡೀ ಕುಟುಂಬವನ್ನೇ ನಿರ್ಬಂಧಿಸಬೇಕೆಂಬ ಐದು ಯುರೋಪಿಯನ್ ದೇಶಗಳ ಪ್ರಸ್ತಾವ 2023ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಫ್ಲೋರಿನ್ ಇಲ್ಲದ ದಾರಿಯೂ ತೆರೆದಿದೆ: 2016ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲಿಮಿಂಗ್ ವಾಂಗ್ ಮತ್ತು ಥಾಮಸ್ ಮೆಕಾರ್ಥಿ ಗಾಜಿನ ಮೇಲೆ ಸಿಲಿಕೋನ್ ಸರಪಳಿಗಳನ್ನು ಬೆಳೆಸಿ, ಸ್ಪರ್ಶಕೋನ ಕಡಿಮೆಯಿದ್ದರೂ ಎಣ್ಣೆಯ ಹನಿ ಸಲೀಸಾಗಿ ಜಾರುವ ಮೇಲ್ಮೈಯನ್ನು ತೋರಿಸಿದ್ದಾರೆ. ಹೊಸ ಲೇಪನದ ಮಾತು ಹೇಗೂ ಇರಲಿ, ಈಗಿರುವ ಪರದೆಗೆ ಮೈಕ್ರೋಫೈಬರ್ ಬಟ್ಟೆ, ಅಗತ್ಯವಿದ್ದರೆ ಅದಕ್ಕೊಂದಿಷ್ಟು ನೀರಿನ ಪಸೆ ಮತ್ತು ಹಗುರವಾದ ಕೈ ಸಾಕು.