ವೇದಾವತಿ: ಎಲ್ಲಿ ಹುಟ್ಟುತ್ತೆ, ಎಲ್ಲಿ ನಿಲ್ಲುತ್ತೆ, ಯಾರಿಗೆ ಸಿಗುತ್ತೆ?

ಚಿತ್ರದುರ್ಗ ಜಿಲ್ಲೆಯ ಜೀವನದಿ ಅಂದ್ರೆ ವೇದಾವತಿ. ಆದರೆ ಇದು ವರ್ಷಪೂರ್ತಿ ತುಂಬಿ ಹರಿಯುವ ಹೊಳೆಯಲ್ಲ. ಮೇಲಿನ ಕೆರೆಗಳು ಕೋಡಿ ಬಿದ್ದರೆ ಮಾತ್ರ ಇಲ್ಲಿ ನೀರು.

ಎರಡು ಹೊಳೆ ಸೇರಿ ಒಂದು ಹೆಸರು

ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್ ಗಿರಿಶ್ರೇಣಿಯ ಪೂರ್ವ ಇಳಿಜಾರಿನಲ್ಲಿ ವೇದಾ, ಅವತಿ ಎಂಬ ಎರಡು ಹೊಳೆ ಹುಟ್ಟುತ್ತವೆ. ವೇದಾ ಸಖರಾಯಪಟ್ಟಣದ ಅಯ್ಯನಕೆರೆ ತುಂಬಿಸಿ ಬರುತ್ತದೆ, ಅವತಿ ಮದಗದಕೆರೆ ತುಂಬಿಸಿ ಬರುತ್ತದೆ. ಕಡೂರು ತಾಲ್ಲೂಕಿನಲ್ಲಿ ಎರಡೂ ಕೂಡಿ ವೇದಾವತಿ ಆಗುತ್ತದೆ. ಹೀಗಾಗಿ ಈ ಎರಡು ಕೆರೆ ಕೋಡಿ ಬಿದ್ದ ಸುದ್ದಿ ಬಂದರೆ ಹಿರಿಯೂರಿನ ರೈತರಿಗೆ ಖುಷಿ.

ಹೊಸದುರ್ಗ: ಹಿನ್ನೀರಿನ ತಾಲ್ಲೂಕು

ಹೊಸದುರ್ಗ ತಾಲ್ಲೂಕಿನಲ್ಲಿ ಹೊಳೆ ಕೆಲ್ಲೋಡಿನ ಮೂಲಕ ಸಾಗುತ್ತದೆ. ಇಲ್ಲಿ ದಡದಲ್ಲಿ ಆಂಜನೇಯನ ಗುಡಿ, ಹೊಳೆಗೆ ಅಡ್ಡಲಾಗಿ ಬ್ಯಾರೇಜ್ ಇದೆ. ಮುಂದೆ ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆ ಸಿಗುತ್ತದೆ. ಡ್ಯಾಂ ಕಟ್ಟಿದ್ದು ಅಲ್ಲೇ.

ಮಾರಿಕಣಿವೆ

ಕಣಿವೆ ಮಾರಮ್ಮನ ಹೆಸರಿನ ಈ ಜಾಗದಲ್ಲಿ ಮೈಸೂರು ಸಂಸ್ಥಾನ 1898ರಲ್ಲಿ ಕೆಲಸ ಶುರು ಮಾಡಿ 1907ರಲ್ಲಿ ಮುಗಿಸಿತು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿ ವಿಲಾಸ ಸನ್ನಿಧಾನ ಅವರ ಹೆಸರಲ್ಲಿ ಇದು ವಾಣಿ ವಿಲಾಸ ಸಾಗರ. ಪೂರ್ಣ ಮಟ್ಟ 130 ಅಡಿ, ಸಂಗ್ರಹ ಸುಮಾರು 30 ಟಿಎಂಸಿ. ತುಂಬಿದರೆ ನೀರು ತಾನಾಗೇ ಕೋಡಿಯಲ್ಲಿ ಹೋಗುತ್ತದೆ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 89 ವರ್ಷ ಬಿಟ್ಟು 2022ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಜನವರಿಯಲ್ಲಿ.

ನಡುವೆ ಕಷ್ಟದ ವರ್ಷಗಳೂ ಇದ್ದವು. 2017ರ ಹೊತ್ತಿಗೆ ನೀರು ಡೆಡ್ ಸ್ಟೋರೇಜ್ ಹತ್ತಿರ ಇಳಿದಿತ್ತು, ಹಿರಿಯೂರು ಭಾಗದಲ್ಲಿ ತೆಂಗಿನ ತೋಟಗಳು ಒಣಗಿದವು. 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗ ದಾಟಿ ಇದೇ ಹೊಳೆ ಪಾತ್ರದಲ್ಲಿ ಬರತೊಡಗಿತು. ಸಾಗರಕ್ಕೆ ಹಂಚಿಕೆ 2 ಟಿಎಂಸಿ.

ಹಿರಿಯೂರು ಮತ್ತು ಸುವರ್ಣಮುಖಿ

ಎಡ ಮತ್ತು ಬಲ ನಾಲೆಗಳು ಹಿರಿಯೂರು ಸುತ್ತಿನ ತೆಂಗು, ಅಡಿಕೆ ತೋಟಗಳಿಗೆ ಆಸರೆ. ತೋಟಕ್ಕೆ ನೀರಿದ್ದರೆ ಪೇಟೆಯಲ್ಲೂ ವ್ಯಾಪಾರ. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಗೆ ಕುಡಿಯುವ ನೀರೂ ಇಲ್ಲಿಂದಲೇ ಹೋಗುತ್ತದೆ.

ಊರಿನ ಕೆಳಗೆ ಕೂಡಲಹಳ್ಳಿ ಬಳಿ ಸುವರ್ಣಮುಖಿ ಬಂದು ಸೇರುತ್ತದೆ. ಊರಿನ ಹೆಸರೇ ಹೇಳುವಂತೆ ಇದು ಹೊಳೆಗಳು ಕೂಡುವ ಜಾಗ. ಶಿರಾ ಕಡೆ ಜೋರು ಮಳೆಯಾದರೆ, ಡ್ಯಾಂನಿಂದ ಹನಿ ನೀರು ಬಿಡದಿದ್ದರೂ ಇಲ್ಲಿ ಪ್ರವಾಹ ಬರಬಹುದು.

ಕೆಳಗೆ ಸೀಳಿ ಹರಿಯುವ ಹೊಳೆ

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಭಾಗದಲ್ಲಿ ನೆಲ ಸಮತಟ್ಟು, ಪಾತ್ರ ಅಗಲ, ತುಂಬಾ ಮರಳು. ನೀರು ಕಡಿಮೆ ಇದ್ದಾಗ ಮರಳಿನ ದಿಬ್ಬಗಳ ನಡುವೆ ಎರಡು ಮೂರು ಸೀಳಾಗಿ ಹರಿದು, ಮುಂದೆ ಮತ್ತೆ ಕೂಡುತ್ತದೆ. ಈ ಮರಳೇ ನೀರು ಹಿಡಿದಿಡುವ ಸ್ಪಂಜು. ಮರಳು ತೆಗೆದಷ್ಟೂ ದಡದ ಬಾವಿ, ಬೋರ್‌ವೆಲ್ ಬತ್ತುತ್ತವೆ. ಮುಂದೆ ಆಂಧ್ರದ ಭೈರವಾನಿತಿಪ್ಪ ಜಲಾಶಯ ದಾಟಿ, ಬಳ್ಳಾರಿ ಸೀಮೆಯಲ್ಲಿ ಹಗರಿ ಅನ್ನಿಸಿಕೊಂಡು ತುಂಗಭದ್ರೆ ಸೇರುತ್ತದೆ.

ಹೊಳಲ್ಕೆರೆ ದಿಕ್ಕು ಬೇರೆ

ಹೊಳಲ್ಕೆರೆ ತಾಲ್ಲೂಕಿನ ಪಶ್ಚಿಮದ ಹಳ್ಳಗಳು ವೇದಾವತಿಗೆ ಬರುವುದಿಲ್ಲ. ಅವು ಚನ್ನಗಿರಿಯ ಸೂಳೆಕೆರೆ, ಅಂದರೆ ಶಾಂತಿಸಾಗರಕ್ಕೆ ಇಳಿಯುತ್ತವೆ. ಆ ಕೆರೆಯಿಂದಲೂ ಚಿತ್ರದುರ್ಗ ನಗರಕ್ಕೆ ಕುಡಿಯುವ ನೀರು ಬರುತ್ತದೆ. ಹೀಗೆ ದುರ್ಗದ ನಲ್ಲಿಗೆ ಎರಡು ಕಡೆಯ ನೀರು.

130 ಅಡಿ ಯಾರಿಗೆ ಲಾಭ?

2022ರಲ್ಲಿ ಡ್ಯಾಂ ತುಂಬಿದಾಗ ಹಿರಿಯೂರಲ್ಲಿ ಸಂಭ್ರಮ, ಹೊಸದುರ್ಗದ ಹಿನ್ನೀರಿನ ಹಳ್ಳಿಗಳಲ್ಲಿ ತೋಟ, ರಸ್ತೆ ಮುಳುಗಿ ಗೋಳು. ಕೋಡಿ ಮಟ್ಟ ಇಳಿಸಬೇಕು ಅನ್ನೋದು ಅವರ ಬೇಡಿಕೆ. ಇಳಿಸಿದರೆ ಬರಗಾಲಕ್ಕೆ ಉಳಿಯೋ ನೀರೇ ಹೋಗುತ್ತೆ ಅನ್ನೋದು ಅಚ್ಚುಕಟ್ಟು ರೈತರ ವಾದ. ದಶಕಗಳ ಕಾಲ ಡ್ಯಾಂ ತುಂಬದೇ ಇದ್ದುದರಿಂದ ಹಿನ್ನೀರಿನ ಜಾಗದವರೆಗೂ ಬೇಸಾಯ ಬಂದಿತ್ತು. ಈಗ ಭದ್ರೆಯ ನೀರೂ ಸೇರುವುದರಿಂದ ಸಾಗರ ಪದೇಪದೇ ತುಂಬುವ ಸಾಧ್ಯತೆ ಹೆಚ್ಚು. ಹಿನ್ನೀರಿನ ಅಂಚಿನಲ್ಲಿ ಸಸಿ ನೆಡೋರು, ನದಿ ಪಾತ್ರದ ಪಕ್ಕ ಮನೆ, ಅಂಗಡಿ ಕಟ್ಟೋರು 130 ಅಡಿ ಲೆಕ್ಕ ಇಟ್ಟುಕೊಂಡೇ ಮುಂದುವರಿಯುವುದು ಒಳ್ಳೆಯದು.