ಮೇಷ್ಟ್ರ ಕೈಗೊಂದು ಪುಸ್ತಕ: ಬೋಧನಾ ವಿಧಾನದ ಗ್ರಂಥಗಳು ನಡೆದು ಬಂದ ದಾರಿ

ಬಿ.ಎಡ್. ತರಗತಿಗಳು ಶುರುವಾಗುವ ಹೊತ್ತಿಗೆ ಪುಸ್ತಕದಂಗಡಿಗಳಲ್ಲಿ ಮೊದಲು ಖರ್ಚಾಗುವುದು ಬೋಧನಾ ವಿಧಾನದ ಪುಸ್ತಕಗಳಲ್ಲ, ಅವುಗಳನ್ನು ಪ್ರಶ್ನೋತ್ತರಕ್ಕೆ ಇಳಿಸಿದ ಗೈಡುಗಳು. ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಬಂದ ಮೇಲೆ ಈ ಚಾಳಿ ಇನ್ನೂ ಗಟ್ಟಿಯಾಗಿದೆ. ಅದರ ಜೊತೆಗೆ ತರಬೇತಿ ಕೊಡುವವರ ಬಾಯಲ್ಲೇ ಈಚೆಗೆ ಒಂದು ಮಾತು ಕೇಳಿಬರುತ್ತಿದೆ: ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ, ಶಿಕ್ಷಕ ಬರೀ ಅನುಕೂಲ ಮಾಡಿಕೊಡುವವನು, ಹೀಗಿರುವಾಗ ವಿಧಾನದ ಪುಸ್ತಕ ಯಾಕೆ? ಈ ಎರಡು ನಿಲುವುಗಳೂ ಹೊಸ ಶಿಕ್ಷಕನನ್ನು ಬರಿಗೈಯಲ್ಲಿ ತರಗತಿಗೆ ಕಳಿಸುತ್ತವೆ. ನಮ್ಮಲ್ಲಿ ಒಳ್ಳೆಯ ವಿಧಾನದ ಪುಸ್ತಕಗಳು ಇದ್ದವು, ಇವೆ. ಅವು ಎಲ್ಲಿಂದ ಬಂದವು, ಯಾವುವು ಉಳಿಯಲು ಯೋಗ್ಯ ಎಂದು ನೋಡದೆ ಎಲ್ಲವನ್ನೂ ಒಟ್ಟಿಗೆ ಮೂಲೆಗೆ ತಳ್ಳುತ್ತಿದ್ದೇವೆ.

ಶುರುವಿನ ಕಥೆಯನ್ನು ಚುಟುಕಾಗಿ ಹೇಳಬಹುದು. ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಕೂಲಿಮಠದ ಅಯ್ಯನವರಿಗೆ ವಿಧಾನದ ಪುಸ್ತಕ ಬೇಕಿರಲಿಲ್ಲ. ಅವರ ಗುರು ಕಲಿಸಿದ್ದೇ ವಿಧಾನ. ಸರ್ಕಾರಿ ಶಾಲೆಗಳು ಬಂದು ಶಿಕ್ಷಕರನ್ನು ಗುಂಪಿನಲ್ಲಿ ತಯಾರು ಮಾಡಬೇಕಾದಾಗ ಪುಸ್ತಕದ ಅಗತ್ಯ ಹುಟ್ಟಿತು. ಧಾರವಾಡದ ನಾರ್ಮಲ್ ಸ್ಕೂಲು, ಡೆಪ್ಯೂಟಿ ಚೆನ್ನಬಸಪ್ಪ, ವೆಂಕಟ ರಂಗೋ ಕಟ್ಟಿ ಇವರನ್ನು ನಾವು ಕನ್ನಡ ಗದ್ಯದ ಇತಿಹಾಸದಲ್ಲಿ ನೆನೆಯುತ್ತೇವೆ. ಶಿಕ್ಷಕರ ತರಬೇತಿಯ ಇತಿಹಾಸದಲ್ಲೂ ಅವರಿಗೆ ಅಷ್ಟೇ ದೊಡ್ಡ ಸ್ಥಾನವಿದೆ. ಶಾಲಾ ಶಿಕ್ಷಕರಿಗೆಂದೇ 1860ರ ದಶಕದಲ್ಲಿ ಅಲ್ಲಿಂದ ಹೊರಟ ‘ಮಠಪತ್ರಿಕೆ’ ಮುಂದೆ ‘ಜೀವನ ಶಿಕ್ಷಣ’ವಾಗಿ ಮುಂದುವರಿಯಿತು. ಕನ್ನಡದಲ್ಲಿ ಪಾಠ ಹೇಳುವ ಬಗೆಯನ್ನು ಕುರಿತು ಕನ್ನಡದಲ್ಲೇ ಬರೆಯಬಹುದೆಂಬ ನಂಬಿಕೆ ಅಷ್ಟು ಹಿಂದೆಯೇ ಇತ್ತು.

ಇದೇ ಕಾಲದ ಆಸುಪಾಸಿನಲ್ಲಿ ಜರ್ಮನಿಯ ಹರ್ಬಾರ್ಟ್‌ನ ವಿಚಾರಗಳನ್ನು ಅವನ ಅನುಯಾಯಿಗಳಾದ ಜಿಲ್ಲರ್, ರೈನ್ ಮುಂತಾದವರು ಐದು ಹಂತಗಳಾಗಿ ಕಟ್ಟಿದರು: ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಇಂಗ್ಲಿಷ್ ತರಬೇತಿ ಕಾಲೇಜುಗಳ ಮೂಲಕ ಅದು ಇಲ್ಲಿಗೂ ಬಂತು. ಇವತ್ತಿಗೂ ನಮ್ಮ ಪ್ರಶಿಕ್ಷಣಾರ್ಥಿ ಪಾಠಯೋಜನೆಯ ಹಾಳೆಗೆ ಗೆರೆ ಎಳೆಯುವಾಗ ಎಳೆಯುವುದು ಆ ಗೆರೆಗಳನ್ನೇ. ಪಂಜಾಬಿನ ಖರಾರ್‌ನಲ್ಲಿ ಶಾಲೆ ನಡೆಸಿದ ಮಿಷನರಿ ಡಬ್ಲ್ಯು.ಎಂ. ರೈಬರ್ನ್ ಬರೆದ ಬೋಧನಾ ತತ್ತ್ವಗಳ ಪುಸ್ತಕವನ್ನು ಹಲವು ತಲೆಮಾರುಗಳು ಓದಿದವು. ಆಮೇಲೆ ಬಂದ ಬಹುಪಾಲು ಪುಸ್ತಕಗಳಿಗಿಂತ ಅದು ಮೇಲು. ಬರೆದವರು ಹಿಂದುಸ್ತಾನದ ಮಕ್ಕಳೆದುರು ನಿಂತಿದ್ದರು.

1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ರೂಪು ತಳೆದ ಮೂಲಶಿಕ್ಷಣ, ಕಸುಬಿನಿಂದಲೇ ಗಣಿತವನ್ನೂ ಭಾಷೆಯನ್ನೂ ಕಲಿಸಬೇಕೆಂದು ಹೊರಟಿತು. ಅದರ ಆದರ್ಶದ ಬಗ್ಗೆ ರಾಶಿ ರಾಶಿ ಬರೆದರು. ನೂಲುವ ತರಗತಿಯಲ್ಲಿ ದಶಮಾಂಶ ಎಲ್ಲಿ ಬರುತ್ತದೆ, ಹೇಗೆ ಬರುತ್ತದೆ ಎಂದು ಶಿಕ್ಷಕನಿಗೆ ಹಿಡಿದು ತೋರಿಸುವ ಬರವಣಿಗೆ ಮಾತ್ರ ಸಾಕಷ್ಟು ಬರಲಿಲ್ಲ. ಆ ಕೊರತೆಯೇ ಮೂಲಶಿಕ್ಷಣವನ್ನು ಅರ್ಧ ಸೋಲಿಸಿತೆಂದು ನನ್ನ ಅಭಿಪ್ರಾಯ. ಭಾವನಗರದ ಗಿಜುಭಾಯಿ ಬಧೇಕಾ ‘ದಿವಾಸ್ವಪ್ನ’ದಲ್ಲಿ ಆ ಕೆಲಸವನ್ನು ಕಥೆಯ ರೂಪದಲ್ಲಿ ಮಾಡಿದರು. ಲಕ್ಷ್ಮೀರಾಮ ಎಂಬ ಮೇಷ್ಟ್ರು ನಾಲ್ಕನೆಯ ತರಗತಿಯೊಂದರಲ್ಲಿ ಒಂದು ವರ್ಷ ಏನು ಮಾಡಿದ, ಎಲ್ಲಿ ಎಡವಿದ, ಮಕ್ಕಳು ಏನೆಂದರು ಎಂಬುದೇ ಆ ಪುಸ್ತಕದ ಹೂರಣ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಂದಿಗೆ ನಡೆಸಿದ ಪ್ರಯೋಗಗಳೂ ಇದೇ ಮನೋಧರ್ಮದವು. ಅವರ ‘ಬಾಲಪ್ರಪಂಚ’ ನಮಗೆ ದಕ್ಕಿದೆ. ಆ ಪ್ರಯೋಗಗಳ ದಿನದಿನದ ವಿವರ ಶಿಕ್ಷಕರಿಗಾಗಿ ಒಂದು ಕೈಪಿಡಿಯಾಗಿದ್ದರೆ ಕನ್ನಡ ಶಿಕ್ಷಣ ಸಾಹಿತ್ಯದ ದಿಕ್ಕೇ ಬೇರೆಯಾಗುತ್ತಿತ್ತು.

ಸ್ವಾತಂತ್ರ್ಯಾನಂತರದ ದೊಡ್ಡ ತಿರುವು ಪರೀಕ್ಷೆಯ ಕಡೆಯಿಂದ ಬಂತು. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರ ಉದ್ದೇಶಗಳ ವರ್ಗೀಕರಣ 1956ರಲ್ಲಿ ಪ್ರಕಟವಾಯಿತು. ಮರುವರ್ಷವೇ ಬ್ಲೂಮ್ ಭಾರತಕ್ಕೆ ಬಂದು ಪರೀಕ್ಷಾ ಸುಧಾರಣೆಯ ಕುರಿತು ಸಲಹೆ ಕೊಟ್ಟರು. 1961ರಲ್ಲಿ ಎನ್‌ಸಿಇಆರ್‌ಟಿ ಹುಟ್ಟಿತು, 1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ತೆರೆಯಿತು. ಆ ವರ್ಗೀಕರಣವನ್ನು ರೂಪಿಸಿದವರು ಕಾಲೇಜು ಪರೀಕ್ಷಕರು. ಪ್ರಶ್ನೆಗಳನ್ನು ಹಂಚಿಕೊಳ್ಳಲು, ಹೋಲಿಸಲು ಅವರಿಗೊಂದು ಚೌಕಟ್ಟು ಬೇಕಿತ್ತು. ನಮ್ಮ ಪುಸ್ತಕಗಳು ಅದನ್ನೇ ಬೋಧನೆಯ ವಿಧಾನ ಮಾಡಿಬಿಟ್ಟವು. ‘ಸ್ಮರಿಸುವನು, ಗುರುತಿಸುವನು, ವರ್ಗೀಕರಿಸುವನು’ ಎಂಬ ಕ್ರಿಯಾಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಪಾಠಯೋಜನೆ ಬರುತ್ತದೆಂಬ ಭ್ರಮೆ ಆಗ ಶುರುವಾದದ್ದು ಇನ್ನೂ ಬಿಟ್ಟಿಲ್ಲ.

ಆದರೂ ಮೈಸೂರಿನ ಆ ಕಾಲೇಜಿನ ಬಗ್ಗೆ ನಾನು ಮನಸಾರೆ ಹೇಳಬೇಕಾದದ್ದಿದೆ. ನಿರೀಕ್ಷಿತ ವರ್ತನಾ ಫಲ, ಸಂವಹನ ತಂತ್ರ, ನೈಜ ಕಲಿಕಾ ಫಲ ಎಂಬ ಮೂರು ಕಂಬಸಾಲುಗಳ ಪಾಠಯೋಜನೆಯನ್ನು ಅದು ದೇಶಕ್ಕೆ ಕೊಟ್ಟಿತು ಎಂದು ಪಠ್ಯಗಳು ಹೇಳುತ್ತವೆ, ಅಲ್ಲಿಗೇ ನಿಲ್ಲುತ್ತವೆ. ಅದಕ್ಕಿಂತ ದೊಡ್ಡ ಕೊಡುಗೆ ನಾಲ್ಕು ವರ್ಷದ ಸಂಯೋಜಿತ ಬಿ.ಎಸ್ಸಿ.ಎಡ್. ಭೌತಶಾಸ್ತ್ರವನ್ನೂ ಅದನ್ನು ಕಲಿಸುವ ಬಗೆಯನ್ನೂ ಒಂದೇ ಸೂರಿನಡಿ, ಒಟ್ಟೊಟ್ಟಿಗೆ ಕಲಿಯುವ ವ್ಯವಸ್ಥೆ ಅದು. ಮಾನಸಗಂಗೋತ್ರಿಯ ಆವರಣದಲ್ಲೇ ಇದ್ದ ಪ್ರಾತ್ಯಕ್ಷಿಕ ಶಾಲೆಯಲ್ಲಿ ಬೆಳಿಗ್ಗೆ ಪಾಠ ಮಾಡಿ, ಮಧ್ಯಾಹ್ನ ಅದೇ ವಿಷಯದ ಉನ್ನತ ಪಾಠ ಕೇಳುವ ಅವಕಾಶವಿತ್ತು. ಅಲ್ಲಿ ಓದಿ ಬಂದವರೊಂದಿಗೆ ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ‘ಈ ಪಾಠಕ್ಕೆ ಯಾವ ವಿಧಾನ?’ ಎಂದು ಅವರು ಕೇಳಿದ್ದು ನೆನಪಿಲ್ಲ. ‘ಈ ಪರಿಕಲ್ಪನೆಯಲ್ಲಿ ಮಕ್ಕಳಿಗೆ ಕಷ್ಟವಾಗುವುದು ಎಲ್ಲಿ?’ ಎಂದು ಕೇಳುತ್ತಿದ್ದರು. ವಿಷಯಜ್ಞಾನವನ್ನೂ ಬೋಧನಾಜ್ಞಾನವನ್ನೂ ಬೆಸೆಯುವ ಈ ಮೂರನೆಯ ಬಗೆಯ ತಿಳಿವಳಿಕೆಗೆ ಅಮೆರಿಕದ ಲೀ ಶುಲ್ಮನ್ 1986ರಲ್ಲಿ ಹೆಸರು ಕೊಟ್ಟಾಗ, ಮೈಸೂರಿನಲ್ಲಿ ಕಲಿತವರಿಗೆ ಅದು ಹೊಸದೆನಿಸಲಿಲ್ಲ. ನಾಲ್ಕು ವರ್ಷದ ಸಂಯೋಜಿತ ಕೋರ್ಸನ್ನು 2020ರ ಶಿಕ್ಷಣ ನೀತಿಯ ಹೊಸ ಕಾಣಿಕೆಯೆಂದು ಹೊಗಳುವವರು ಈ ಇತಿಹಾಸವನ್ನು ಒಮ್ಮೆ ನೋಡಬೇಕು.

ಎಪ್ಪತ್ತರ ದಶಕ ಸೂಕ್ಷ್ಮ ಬೋಧನೆಯದು. 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ರೂಪಿಸಿದ ಈ ಪದ್ಧತಿಯನ್ನು ಬರೋಡಾದಲ್ಲಿ ಬಿ.ಕೆ. ಪಾಸ್ಸಿ ಮೊದಲಾದವರು ಭಾರತದ ಕಾಲೇಜುಗಳಿಗೆ ಹೊಂದಿಸಿದರು. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು, ಮತ್ತೆ ಆರು. ವೀಡಿಯೊ ಇಲ್ಲದ ಕಾಲೇಜಿನಲ್ಲೂ ಸಹಪಾಠಿಗಳನ್ನೇ ಮಕ್ಕಳೆಂದು ಕೂರಿಸಿ ಮಾಡಬಹುದಾದದ್ದು ಇದರ ಬಲ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದನ್ನು ಎಷ್ಟೋ ಜನ ಕಲಿತದ್ದು ಇದರಿಂದಲೇ. ಆದರೆ ಸಹಪಾಠಿ ತಪ್ಪು ಉತ್ತರವನ್ನು ನಟಿಸಬಲ್ಲ, ಮಗು ತಪ್ಪುವ ಹಾಗೆ ತಪ್ಪಲಾರ. ಪುಸ್ತಕಗಳು ಕೌಶಲಗಳ ಘಟಕಗಳನ್ನು ಎಣಿಸಿ ಅಂಕಪಟ್ಟಿ ಮುದ್ರಿಸಿದವು, ಈ ಮಿತಿಯ ಕಡೆ ಹೆಚ್ಚು ನೋಡಲಿಲ್ಲ.

ಈ ಹೊತ್ತಿಗೆ ಸಂಕಲನಕಾರರ ಯುಗ ಬಂದಿತ್ತು. ಎಸ್.ಕೆ. ಕೊಚ್ಚರ್, ಜೆ.ಸಿ. ಅಗರವಾಲ್, ಎಸ್.ಕೆ. ಮಂಗಲ್ ಅವರ ಇಂಗ್ಲಿಷ್ ಪುಸ್ತಕಗಳು ಎಲ್ಲ ಗ್ರಂಥಾಲಯಗಳನ್ನೂ ಸೇರಿದವು. ಚದುರಿದ್ದ ಸಾಮಗ್ರಿಯನ್ನು ಒಂದೆಡೆ ತಂದುಕೊಟ್ಟ ಉಪಕಾರ ಅವರದು, ಅದನ್ನು ಮರೆಯಬಾರದು. ಕನ್ನಡದಲ್ಲಿ ಬಂದ ಬಿ.ಎಡ್. ಮತ್ತು ಟಿ.ಸಿ.ಎಚ್. ಪಠ್ಯಗಳಲ್ಲಿ ಬಹುಪಾಲು ಇದೇ ಅಚ್ಚಿನವು: ಉಪನ್ಯಾಸ ವಿಧಾನ, ಅರ್ಥ, ಮಹತ್ವ, ಗುಣಗಳು, ದೋಷಗಳು, ಯೋಜನಾ ವಿಧಾನ, ಅರ್ಥ, ಮಹತ್ವ, ಗುಣಗಳು, ದೋಷಗಳು. ವಿಜ್ಞಾನದ ಪುಸ್ತಕದ ಈ ಅಧ್ಯಾಯವನ್ನು ಕಿತ್ತು ಸಮಾಜವಿಜ್ಞಾನದ ಪುಸ್ತಕದಲ್ಲಿಟ್ಟರೂ ಒಂದು ವಾಕ್ಯವೂ ಬದಲಾಗಬೇಕಿಲ್ಲ. ಪರೀಕ್ಷೆಯ ಹತ್ತು ಅಂಕದ ಪ್ರಶ್ನೆಗೆ ಆ ಅಚ್ಚು ಸರಿಯಾಗಿ ಕೂರುತ್ತದೆ, ಅದಕ್ಕೇ ಅದು ಉಳಿದಿದೆ.

ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ಬೆಳವಣಿಗೆ ನಡೆದದ್ದು ಪಠ್ಯಕ್ರಮದ ಹೊರಗೆ. ಜಾರ್ಜ್ ಪೋಲ್ಯಾ 1945ರಲ್ಲಿ ಬರೆದ, ಲೆಕ್ಕ ಬಿಡಿಸುವುದು ಹೇಗೆಂಬ ಸಣ್ಣ ಪುಸ್ತಕ ಗಣಿತದ ಮೇಷ್ಟ್ರು ವಿದ್ಯಾರ್ಥಿಯನ್ನು ಯಾವ ಹೊತ್ತಿಗೆ ಏನು ಕೇಳಬೇಕೆಂದು ತೋರಿಸುತ್ತದೆ, ಉತ್ತರವನ್ನು ಹೇಳಿಕೊಡುವುದಿಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಆರಂಭಿಸಿದ ವಿಜ್ಞಾನ ಕಾರ್ಯಕ್ರಮ, ಮುಂದೆ ಏಕಲವ್ಯ ಸಂಸ್ಥೆ ನಡೆಸಿದ ‘ಬಾಲ ವೈಜ್ಞಾನಿಕ’ ಪುಸ್ತಕಗಳು ಪ್ರಯೋಗ ಮೊದಲು, ಹೇಳಿಕೆ ಆಮೇಲೆ ಎಂಬುದನ್ನು ಹಳ್ಳಿಯ ಶಾಲೆಗಳಲ್ಲಿ ನಡೆಸಿ ತೋರಿಸಿದವು. ಶಿಕ್ಷಕರು ನಿಯಮಿತವಾಗಿ ಸೇರಿ ತಮ್ಮ ತರಗತಿಯ ತೊಡಕುಗಳನ್ನು ಚರ್ಚಿಸುತ್ತಿದ್ದರು, ಆ ಚರ್ಚೆಯಿಂದ ಪುಸ್ತಕಗಳು ತಿದ್ದುಪಡಿಯಾಗುತ್ತಿದ್ದವು. 2002ರಲ್ಲಿ ಸರ್ಕಾರ ಆ ಕಾರ್ಯಕ್ರಮವನ್ನು ನಿಲ್ಲಿಸಿತು. ನಮ್ಮ ಕಾಲದ ದೊಡ್ಡ ನಷ್ಟಗಳಲ್ಲಿ ಅದೊಂದು.

ನಮಗೆ ಇನ್ನೂ ಹತ್ತಿರದ್ದು ಎನ್.ಎಸ್. ಪ್ರಭು ಅವರ ಕೆಲಸ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ, ಲೋಕವೆಲ್ಲ ‘ಬೆಂಗಳೂರು ಯೋಜನೆ’ ಎಂದು ಕರೆಯುವ ಪ್ರಯೋಗ ಅದು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದರ ಚರ್ಚೆಗಳಿಗೆ ನೆಲೆಯಾಗಿತ್ತು. ವ್ಯಾಕರಣದ ಪಾಠಪಟ್ಟಿಯನ್ನು ಬದಿಗಿಟ್ಟು, ರೈಲಿನ ವೇಳಾಪಟ್ಟಿ ಓದುವುದು, ನಕ್ಷೆ ನೋಡಿ ದಾರಿ ಹೇಳುವುದು ಇಂಥ ಕೆಲಸಗಳನ್ನು ಇಂಗ್ಲಿಷಿನಲ್ಲಿ ಮಾಡಿಸಿದರು. ಮೊದಲು ಇಡೀ ತರಗತಿಯೊಂದಿಗೆ ಒಂದು ಕೆಲಸ, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ಒಬ್ಬೊಬ್ಬರಾಗಿ ಮಾಡಬೇಕು. ಸುಮಾರು ಅರ್ಧದಷ್ಟು ಮಕ್ಕಳಿಗೆ ಅರ್ಧದಷ್ಟಾದರೂ ದಕ್ಕಿದರೆ ಕೆಲಸ ತಕ್ಕ ಮಟ್ಟದ್ದು. 1987ರ ಅವರ ಪುಸ್ತಕದಲ್ಲಿ ತರಗತಿಯ ಮಾತುಗಳನ್ನು ಹಾಗೆಹಾಗೇ ಬರೆದು ಕೊಟ್ಟಿದ್ದಾರೆ. ಮೇಷ್ಟ್ರು ಕೇಳಿದ್ದೂ ಮಕ್ಕಳು ತಡವರಿಸಿದ್ದೂ ಅದರಲ್ಲಿವೆ. 1990ರಲ್ಲಿ ಪ್ರಭು ಇನ್ನೂ ಮುಂದೆ ಹೋಗಿ, ಎಲ್ಲರಿಗೂ ಸಲ್ಲುವ ಅತ್ಯುತ್ತಮ ವಿಧಾನವೆಂಬುದಿಲ್ಲ ಎಂದು ವಾದಿಸಿದರು. ತಾನು ಮಾಡುತ್ತಿರುವುದು ಮಕ್ಕಳಲ್ಲಿ ಕಲಿಕೆಯನ್ನು ಹೇಗೆ ಉಂಟುಮಾಡುತ್ತದೆ ಎಂಬುದರ ಬಗ್ಗೆ ಶಿಕ್ಷಕನಲ್ಲಿರುವ ಜೀವಂತ ನಂಬಿಕೆಯೇ ಮುಖ್ಯ ಎಂಬುದು ಅವರ ನಿಲುವು. ಈ ವಾದವನ್ನು ವಿಧಾನದ ಪುಸ್ತಕವೇ ಬೇಡ ಎಂಬವರು ತಮ್ಮ ಪರವಾಗಿ ಎಳೆದುಕೊಳ್ಳುತ್ತಾರೆ. ಪ್ರಭು ಹೇಳಿದ್ದು ಅದಲ್ಲ. ಅಂಥ ನಂಬಿಕೆ ಬೆಳೆಯಬೇಕಾದರೆ ಬೇರೆಯವರ ತರಗತಿಯನ್ನು ಹತ್ತಿರದಿಂದ ಕಾಣಬೇಕು, ಅದಕ್ಕೇ ಅವರು ಅಷ್ಟು ವಿವರವಾಗಿ ಬರೆದರು.

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ–ಕಲಿಯ ಕಥೆಯೂ ಇದೇ ಸಾಲಿನದು. ಯುನಿಸೆಫ್ ನೆರವಿನಲ್ಲಿ, ರಿಷಿ ವ್ಯಾಲಿಯನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಕಾರ್ಡುಗಳನ್ನು ಬರೆದರು, ಕಲಿಕಾ ಏಣಿ ಕಟ್ಟಿದರು, ಗುಂಪಿನ ತಟ್ಟೆಗಳನ್ನು ಯೋಚಿಸಿದರು. ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಬರಹದ ಆಕಾರ ಹಿಡಿದು ಹೊರಡುವ ಕ್ರಮ ಇವತ್ತು ಕನ್ನಡ ಶಾಲೆಗಳಿಗೆಲ್ಲ ಪರಿಚಿತ. ಯಾಕೆ ಆ ಕ್ರಮ, ಅದರಿಂದ ಯಾವ ಮಗುವಿಗೆ ಹಗುರವಾಯಿತು, ಯಾವ ಮಗು ಎಲ್ಲಿ ಸಿಕ್ಕಿಕೊಂಡಿತು ಎಂದು ಶಿಕ್ಷಕರ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದ್ದಾರೆ. 2009–10ರಲ್ಲಿ ಯೋಜನೆ ರಾಜ್ಯಕ್ಕೆಲ್ಲ ಹರಡಿದಾಗ ಕಾರ್ಡುಗಳು ಎಲ್ಲ ಕಡೆ ತಲುಪಿದವು, ಆ ಮಾತುಗಳು ತಲುಪಲಿಲ್ಲ. ಕಾರ್ಡಿನ ಹಿಂದಿನ ಯೋಚನೆ ಗೊತ್ತಿಲ್ಲದ ಶಿಕ್ಷಕಿಗೆ ಅದು ಇನ್ನೊಂದು ದಾಖಲೆ ತುಂಬುವ ಕೆಲಸವಾಯಿತು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಅನುಭವಕ್ಕೆ ಬೆಲೆ ಕೊಟ್ಟಿತು, 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು. ಎರಡೂ ಒಳ್ಳೆಯ ಹೆಜ್ಜೆಗಳೇ. ಆದರೆ ಪುಸ್ತಕಗಳಿಗೆ ಬಂದದ್ದು ಐದು ‘ಇ’ಗಳ ಮಾದರಿ. 1980ರ ದಶಕದಲ್ಲಿ ರಾಜರ್ ಬೈಬಿ ಮತ್ತು ಸಂಗಡಿಗರು ಅಮೆರಿಕದ ವಿಜ್ಞಾನ ಪಾಠಗಳಿಗಾಗಿ ರೂಪಿಸಿದ ಅದನ್ನು ಕನ್ನಡ ಪದ್ಯಪಾಠಕ್ಕೂ ಇತಿಹಾಸಕ್ಕೂ ಒಂದೇ ಸಮ ಹಚ್ಚುತ್ತಿದ್ದೇವೆ. ಹರ್ಬಾರ್ಟ್‌ನ ಐದು ಹಂತಗಳ ಜಾಗದಲ್ಲಿ ಬೇರೆ ಐದು ಬಂದು ಕೂತಿವೆ. ಮಗು ಏನು ಯೋಚಿಸುತ್ತಿದೆ ಎಂದು ಕೇಳಿಸಿಕೊಳ್ಳುವ ಶಿಕ್ಷಕ ಹಾಳೆಯ ಹಂತಗಳನ್ನು ದಾಟಿ ಹೋಗಲೇಬೇಕಾಗುತ್ತದೆ. ಹಾಗೆ ದಾಟಿದವನಿಗೆ ಅಂಕ ಕಡಿಮೆಯಾಗುವುದನ್ನು ನಾನು ಕಂಡಿದ್ದೇನೆ.

ಪುಸ್ತಕ ಕೊಳ್ಳಲು ಹೊರಟವರಿಗೆ ನಾನು ಮೊದಲು ಹೇಳುವುದು ಎಡ್ಗರ್ ಡೇಲ್‌ನ ಅನುಭವ ಶಂಕುವಿನ ಪುಟ ತೆಗೆಯಿರಿ ಎಂದು. 1946ರಲ್ಲಿ ಡೇಲ್ ಕೊಟ್ಟ ಆ ಚಿತ್ರದಲ್ಲಿ ಅಂಕಿಗಳಿರಲಿಲ್ಲ. ಓದಿದ್ದು ಶೇ. 10, ಕೇಳಿದ್ದು ಶೇ. 20 ನೆನಪಿರುತ್ತದೆ ಎಂಬ ಲೆಕ್ಕವನ್ನು ಆಮೇಲೆ ಯಾರೋ ಸೇರಿಸಿದ್ದಾರೆ, ಅದಕ್ಕೆ ಆಧಾರವಿಲ್ಲ. ಆ ಅಂಕಿಗಳನ್ನು ಮುದ್ರಿಸಿದ ಲೇಖಕರು ಮೂಲವನ್ನು ನೋಡಿಲ್ಲ. ಪ್ರತಿ ಮಗುವಿಗೂ ಒಂದೊಂದು ಕಲಿಕಾ ಶೈಲಿ ಇದೆ, ಅದಕ್ಕೆ ತಕ್ಕಂತೆ ಪಾಠ ಮಾಡಬೇಕು ಎನ್ನುವ ಅಧ್ಯಾಯವಿದ್ದರೂ ಎಚ್ಚರದಿಂದಿರಿ. 2008ರಲ್ಲಿ ಹ್ಯಾರಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ಅದನ್ನು ಸಮರ್ಥಿಸುವಷ್ಟು ಪುರಾವೆ ಇಲ್ಲವೆಂದು ತೋರಿಸಿದ್ದಾರೆ. ಆಮೇಲೆ ಪುಸ್ತಕದಲ್ಲಿ ಮಕ್ಕಳ ಮಾತು ಎಷ್ಟಿದೆ ಎಂದು ಹುಡುಕಿ. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ ಮೂವತ್ತೈದು ಎಂದು ಬರೆಯುವ ಮಗು ಎರಡರಿಂದ ಏಳು ಹೋಗದೆಂದು ಏಳರಿಂದ ಎರಡು ಕಳೆದಿದೆ. ಮೂರನೇ ಒಂದಕ್ಕಿಂತ ನಾಲ್ಕನೇ ಒಂದು ದೊಡ್ಡದು ಎನ್ನುವ ಮಗು ಪೂರ್ಣಸಂಖ್ಯೆಯ ನಿಯಮವನ್ನೇ ಭಿನ್ನರಾಶಿಗೂ ತಂದಿದೆ. ಇಂಥವನ್ನು ಎತ್ತಿಕೊಂಡು, ಮುಂದೆ ಏನು ಕೇಳಬೇಕೆಂದು ತೋರಿಸುವ ಗಣಿತ ಬೋಧನೆಯ ಪುಸ್ತಕ ತೆಳ್ಳಗಿದ್ದರೂ ಕೊಳ್ಳಿ.

ಭಾಷಾ ಬೋಧನೆಯಲ್ಲಿ ಅಂಥ ಪುಸ್ತಕ ಕನ್ನಡಕ್ಕೆ ಇನ್ನೂ ಬೇಕಾಗಿದೆ. ‘ಸೂರ್ಯ’ ಎನ್ನುವಾಗ ಮೊದಲು ಉಚ್ಚರಿಸುವ ರ್ ಬರಹದಲ್ಲಿ ಅರ್ಕಾವತ್ತಾಗಿ ಆಮೇಲೆ ಬರುತ್ತದೆ. ಮಗು ಅದನ್ನು ಎಷ್ಟು ಬಗೆಯಲ್ಲಿ ತಪ್ಪುತ್ತದೆ ಎಂದು ಎರಡನೇ ತರಗತಿಯ ಪ್ರತಿ ಮೇಷ್ಟ್ರಿಗೂ ಗೊತ್ತು. ಹಾಲನ್ನು ‘ಆಲು’ ಎನ್ನುವ ಮನೆಯಿಂದ ಬಂದ ಮಗು, ತುಳು, ಕೊಂಕಣಿ, ಲಂಬಾಣಿ, ಉರ್ದು ಮಾತಾಡುತ್ತ ಶಾಲೆಗೆ ಬಂದ ಮಗು, ಒಬ್ಬನೇ ಶಿಕ್ಷಕನೆದುರು ಒಂದರಿಂದ ಐದನೇ ತರಗತಿಯವರೆಗೂ ಕೂತ ಮಕ್ಕಳು, ಇವರ ಕುರಿತು ನಮ್ಮ ವಿಧಾನದ ಪಠ್ಯಗಳಲ್ಲಿ ಸಿಗುವುದು ಒಂದೆರಡು ಪ್ಯಾರಾ. ಸಾಮಗ್ರಿಗೇನೂ ಬರವಿಲ್ಲ. ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಗಳಾದ ಡಯಟ್‌ಗಳ ಕಪಾಟುಗಳಲ್ಲಿ ಶಿಕ್ಷಕರು ಮಾಡಿದ ಕ್ರಿಯಾ ಸಂಶೋಧನೆಯ ವರದಿಗಳು ವರ್ಷವರ್ಷವೂ ಸೇರುತ್ತಿವೆ. ಅವುಗಳಲ್ಲಿ ಮಕ್ಕಳ ಉತ್ತರಪತ್ರಿಕೆಗಳಿವೆ, ತಪ್ಪುಗಳ ಪಟ್ಟಿಗಳಿವೆ, ಮೇಷ್ಟ್ರು ಹೂಡಿದ ಉಪಾಯಗಳಿವೆ. ಅವನ್ನು ಓದಿ, ಆಯ್ದು, ವಿಷಯವಾರು ಸಂಪಾದಿಸುವ ಕೆಲಸವನ್ನು ಒಂದು ವಿಶ್ವವಿದ್ಯಾಲಯದ ಪ್ರಸಾರಾಂಗವೋ ಡಿಎಸ್‌ಇಆರ್‌ಟಿಯೋ ಕೈಗೆತ್ತಿಕೊಳ್ಳಬೇಕು. ಮೊದಲ ಸಂಪುಟ ಒತ್ತಕ್ಷರದ್ದಾಗಲಿ.