ಫೈಟರ್ ಮೀನಿನ ಬಾಲದ ಚರಿತ್ರೆ

ಅಕ್ವೇರಿಯಂ ಅಂಗಡಿಗಳಲ್ಲಿ ಫೈಟರ್ ಎಂದು ಮಾರುವ ಬೆಟ್ಟಾ ಮೀನಿನ ಉದ್ದ ಬಾಲ ನಿಸರ್ಗ ಕೊಟ್ಟದ್ದಲ್ಲ, ಮನುಷ್ಯರು ಬೆಳೆಸಿದ್ದು. ಥಾಯ್ಲೆಂಡಿನ ಗದ್ದೆ, ಜೌಗು, ಕಾಲುವೆಗಳಲ್ಲಿರುವ ಇದರ ಮೂಲ ಮೀನು ಬೆರಳುದ್ದದ್ದು. ಅದರ ಬಣ್ಣ ಮಸುಕು, ಬಾಲ ಗಿಡ್ಡ. ಗಂಡುಗಳನ್ನು ಕಾದಾಡಿಸಿ ಪಣ ಕಟ್ಟುವ ಆಟಕ್ಕಾಗಿ ಸಯಾಮಿನ (ಇಂದಿನ ಥಾಯ್ಲೆಂಡಿನ) ಜನ ಇದನ್ನು ಸಾಕತೊಡಗಿದರು. ಈ ಪಳಗಿಸುವಿಕೆ ಹಲವು ಶತಮಾನಗಳಷ್ಟು ಹಳೆಯದು ಎಂದು 2022ರ ಒಂದು ಜೀನೋಮ್ ಅಧ್ಯಯನ ಅಂದಾಜು ಮಾಡಿದೆ. ಥಿಯೊಡೋರ್ ಕ್ಯಾಂಟರ್ 1849ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಮೀನನ್ನು ಬೇರೊಂದು ಹೆಸರಿನಲ್ಲಿ ವರ್ಣಿಸಿದ. ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ಇಂದಿನ ಹೆಸರನ್ನು 1910ರಲ್ಲಿ ಇಟ್ಟವನು ಚಾರ್ಲ್ಸ್ ಟೇಟ್ ರೀಗನ್.

ಕಾದಾಟದ ಮೀನಿಗೆ ಗಿಡ್ಡ ಬಾಲವೇ ಅನುಕೂಲ, ಎದುರಾಳಿಗೆ ಕಚ್ಚಲು ಹೆಚ್ಚೇನೂ ಸಿಗುವುದಿಲ್ಲ. ಅಂದಕ್ಕಾಗಿ ಸಾಕುವವರ ಕೈಸೇರಿದ ಮೇಲೆ ಆಯ್ಕೆಯ ದಿಕ್ಕು ತಿರುಗಿತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಇಳಿಬಿದ್ದ ಬಾಲದ ವೇಲ್‌ಟೇಲ್ ಅಮೆರಿಕ, ಯುರೋಪುಗಳಲ್ಲಿ ಹರಡಿತು. 1980ರ ದಶಕದ ಕೊನೆಗೆ ಬಾಲ 180 ಡಿಗ್ರಿ ಬಿಚ್ಚಿಕೊಳ್ಳುವ ಹಾಫ್‌ಮೂನ್ ರೂಪುಗೊಂಡಿತು. 1990ರ ದಶಕದಲ್ಲಿ ಇಂಡೋನೇಷ್ಯಾದಿಂದ, ಬಾಲದ ಅಂಚಿನಲ್ಲಿ ಕಡ್ಡಿಗಳು ಪೊರೆಯಿಂದಾಚೆ ಚಾಚಿಕೊಂಡಿರುವ ಕ್ರೌನ್‌ಟೇಲ್ ಬಂತು. ಬಾಲ ಹಿಗ್ಗಿದಷ್ಟೂ ಅದರ ಭಾರ ಹೆಚ್ಚಿತು. ಹರಿಯುವ, ಸಿಕ್ಕಿಕೊಳ್ಳುವ, ಕೊಳೆಯುವ ಸಂದರ್ಭಗಳೂ ಹೆಚ್ಚಿದವು.

ಬಾಲ ಕೆಡುವುದಕ್ಕೆ ಎರಡನೆಯ ಕಾರಣ ಮಾರಾಟದ ಪದ್ಧತಿಯಲ್ಲಿದೆ. ಬೆಟ್ಟಾಕ್ಕೆ ಕಿವಿರಿನ ಜೊತೆಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಲ್ಯಾಬಿರಿಂತ್ ಎಂಬ ಅಂಗವಿದೆ. ಆದ್ದರಿಂದ ಆಮ್ಲಜನಕ ತೀರಿದ ನೀರಿನಲ್ಲೂ ಅದು ಸಾಯುವುದಿಲ್ಲ. ಒಂದೊಂದು ಮೀನನ್ನು ಒಂದೊಂದು ಪುಟ್ಟ ಬಾಟಲಿಯಲ್ಲಿಟ್ಟು ಮಾರುವ ರೂಢಿಗೆ ಇದೇ ಆಧಾರ. ಆದರೆ ಮಲ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯ ಅಂಥ ನೀರಿನಲ್ಲಿ ಬೇಗನೆ ಏರುತ್ತದೆ. ಮೀನು ಬದುಕಿದ್ದರೂ ಅದರ ಮೈಯ ಲೋಳೆ ಕೆಡುತ್ತದೆ, ಬಾಲದ ತೆಳು ಪೊರೆಗೆ ಮೊದಲು ಪೆಟ್ಟು ಬೀಳುತ್ತದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಈ ಕಾರಣಗಳಿಗೆ ಊರಿನ ನೀರಿನ ಚರಿತ್ರೆಯೂ ಸೇರುತ್ತದೆ. 1950ರ ದಶಕದ ನೀರಸಾಗರ ಕೆರೆ, 1980ರ ದಶಕದಿಂದ ಸವದತ್ತಿ ಬಳಿಯ ಮಲಪ್ರಭಾ ಜಲಾಶಯ ಅವಳಿ ನಗರದ ಮುಖ್ಯ ಆಸರೆ. ಕೆಲವು ದಿನಕ್ಕೊಮ್ಮೆ ನಳ ಬರುತ್ತಿದ್ದುದರಿಂದ ಟಾಕಿ, ಬ್ಯಾರೆಲ್, ಕೊಡಗಳಲ್ಲಿ ನೀರು ತುಂಬಿಡುವುದು ಮನೆಮನೆಯ ಪಾಠವಾಯಿತು. ಹಾಗೆ ತೆರೆದಿಟ್ಟ ನೀರಿನಿಂದ ಕ್ಲೋರಿನ್ ತಾನಾಗಿ ಹಾರಿಹೋಗುತ್ತದೆ. ಮೀನಿಗೆ ಇದು ಒಳಿತು. ಆದರೆ ನೀರು ಎಣಿಸಿ ಬಳಸುವ ಮನೆಯಲ್ಲಿ ಮೀನಿನ ತೊಟ್ಟಿಗೆ ಹೊಸ ನೀರಿನ ಸರದಿ ತಡವಾಗಿ ಬರುತ್ತದೆ. ವಿಶ್ವಬ್ಯಾಂಕ್ ನೆರವಿನಿಂದ 2008ರ ಹೊತ್ತಿಗೆ ಕೆಲವು ವಾರ್ಡುಗಳಲ್ಲಿ 24 ಗಂಟೆಯ ಪೂರೈಕೆ ಶುರುವಾದಾಗ ತೊಂದರೆ ತಿರುವುಮುರುವಾಯಿತು. ನೀರಿಗೆ ಕೊರತೆಯಿಲ್ಲ, ಆದರೆ ನಳದಿಂದ ನೇರ ಬಿದ್ದ ನೀರಿನಲ್ಲಿ ಕ್ಲೋರಿನ್ ಉಳಿದಿರುತ್ತದೆ. ಚಳಿಯದು ಇನ್ನೊಂದು ಬಾಧೆ: ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಇಲ್ಲಿನ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಬೆಟ್ಟಾಕ್ಕೆ ಬೇಕಾದದ್ದು 24ರಿಂದ 28 ಡಿಗ್ರಿ. ತಣ್ಣನೆಯ ನೀರಿನಲ್ಲಿ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ.

ಬಾಲದ ಹಾನಿಯಲ್ಲಿ ಮುಖ್ಯವಾಗಿ ಮೂರು ಬಗೆ, ಮೂರರ ಗುರುತೂ ಬೇರೆ. ಪ್ಲಾಸ್ಟಿಕ್ ಗಿಡ, ಚೂಪುಗಲ್ಲು ಅಥವಾ ಫಿಲ್ಟರಿನ ಸೆಳೆತಕ್ಕೆ ಸಿಕ್ಕಿದ ಬಾಲ ನೇರವಾಗಿ ಸೀಳುತ್ತದೆ, ಅಂಚಿನ ಬಣ್ಣ ಬದಲಾಗಿರುವುದಿಲ್ಲ. ಮೀನು ತಾನೇ ಕಚ್ಚಿಕೊಂಡಿದ್ದರೆ ಅರ್ಧಚಂದ್ರಾಕಾರದ ತುಂಡು ಒಂದೇ ರಾತ್ರಿಯಲ್ಲಿ ಕಾಣೆಯಾಗಿರುತ್ತದೆ. ಭಾರವಾದ ಬಾಲದ ತಳಿಗಳಲ್ಲಿ ಇದು ಹೆಚ್ಚು. ಕೊಳೆರೋಗ ದಿನದಿಂದ ದಿನಕ್ಕೆ ಅಂಚಿನಿಂದ ಬುಡದತ್ತ ಸರಿಯುತ್ತದೆ. ಅಂಚು ಕಪ್ಪು, ಕೆಂಪು ಅಥವಾ ಬಿಳಿ ಬಣ್ಣಕ್ಕೆ ತಿರುಗಿ ಜೂಲುಜೂಲಾಗುತ್ತದೆ. ಏರೋಮೊನಾಸ್, ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಇದಕ್ಕೆ ಕಾರಣ. ಅವು ನೀರಿನಲ್ಲಿ ಸದಾ ಇರುವಂಥವೇ, ಸೋತ ಮೀನಿನ ಮೇಲೆ ಮಾತ್ರ ಗೆಲ್ಲುತ್ತವೆ. ಅಂಚಿನಲ್ಲಿ ಮೂಡುವ ಪಾರದರ್ಶಕ ಪೊರೆಯನ್ನು ಕೆಲವರು ರೋಗವೆಂದು ಹೆದರುವುದುಂಟು. ಅದು ಹೊಸದಾಗಿ ಬೆಳೆಯುತ್ತಿರುವ ಬಾಲ.

ತಡೆಯುವ ಕ್ರಮ ಈ ಕಾರಣಗಳಿಂದಲೇ ಹೊರಡುತ್ತದೆ. ಬಾಟಲಿಯ ಬದಲು ಸುಮಾರು 20 ಲೀಟರಿನ ತೊಟ್ಟಿ, ಮೆಲ್ಲಗೆ ಹರಿಸುವ ಫಿಲ್ಟರ್, ಚಳಿಗಾಲಕ್ಕೆ ಹೀಟರ್ ಇರಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು, ಒಂದು ದಿನ ತೆರೆದಿಟ್ಟ ಅಥವಾ ಕ್ಲೋರಿನ್ ನಿವಾರಕ ಹಾಕಿದ ನೀರಿನಿಂದ ಬದಲಿಸಬೇಕು. ಸೀಳು ಮತ್ತು ಕಡಿತಕ್ಕೆ ಶುದ್ಧ ನೀರೇ ಮದ್ದು. ಕೊಳೆತ ಶುರುವಾಗಿದ್ದರೆ ನೀರನ್ನು ಇನ್ನೂ ಬೇಗಬೇಗ ಬದಲಿಸಿ, ಲೀಟರಿಗೆ ಒಂದು ಗ್ರಾಂನಷ್ಟು ಅಯೋಡಿನ್ ಇಲ್ಲದ ಉಪ್ಪನ್ನು ಕರಗಿಸಿ ಹತ್ತು ದಿನಕ್ಕೆ ಮೀರದಂತೆ ಬಳಸುವುದುಂಟು. ಆಗ್ನೇಯ ಏಷ್ಯಾದ ಸಾಕಣೆಗಾರರು ಕಾಡುಬಾದಾಮಿಯ ಒಣ ಎಲೆಯನ್ನೂ ನೀರಿಗೆ ಹಾಕುತ್ತಾರೆ. ಕೊಳೆತ ಬುಡದತ್ತ ಸರಿಯುತ್ತಲೇ ಇದ್ದರೆ ಪಶುವೈದ್ಯರ ಸಲಹೆಯ ಮೇಲೆ ಆ್ಯಂಟಿಬಯೋಟಿಕ್ ಕೊಡಬೇಕಾಗುತ್ತದೆ. ಬುಡ ಉಳಿದಿದ್ದರೆ ಬಾಲ ಕೆಲವು ವಾರಗಳಲ್ಲಿ ಮತ್ತೆ ಬೆಳೆಯುತ್ತದೆ. ಬುಡವೇ ಹೋದರೆ ಬರುವುದಿಲ್ಲ. ತಾನೇ ಬಾಲ ಕಚ್ಚಿಕೊಳ್ಳುವ ತೊಂದರೆ ಬೇಡವೆನ್ನುವವರಿಗೆ, ಕಾದಾಟದ ಕಾಲದಿಂದ ಉಳಿದುಬಂದ ಗಿಡ್ಡ ಬಾಲದ ಪ್ಲಾಕಟ್ ತಳಿ ಈಗಲೂ ಸಿಗುತ್ತದೆ.